ಕೋದಂಡರಾಮಪ್ಪನವರ ಕೆಂಪು ಚುಕ್ಕಿಗಳು

ಮುಳಬಾಗಿಲಿನಲ್ಲಿ ಕರೆಂಟು ಹೋದರೆ ಯಾರೂ ಬೆಚ್ಚಿಬೀಳುವುದಿಲ್ಲ. ಹೋಗುವುದೂ ಬರುವುದೂ ಅದರಿಷ್ಟ ಎಂದು ಊರು ಎಂದೋ ಒಪ್ಪಿಕೊಂಡಿದೆ. ಆದರೆ ಬೀದಿಗೆಲ್ಲ ಕರೆಂಟು ಇರುವಾಗ ಒಂದೇ ಒಂದು ಮನೆ, ಅದೂ ದೀಪ ಹಚ್ಚುವ ಹೊತ್ತಿನಲ್ಲಿ, ಕತ್ತಲಾಗಿ ಕೂತಿದ್ದರೆ ಅಕ್ಕಪಕ್ಕದವರಿಗೆ ಗಂಟಲಲ್ಲಿ ತುತ್ತು ಇಳಿಯುವುದಿಲ್ಲ. ಮುಸ್ಸಂಜೆಯಲ್ಲಿ ದೀಪವಿಲ್ಲದ ಮನೆ ಎಂದರೆ ಒಂದೋ ಮನೆಯವರು ಊರಲ್ಲಿಲ್ಲ, ಇಲ್ಲವೇ ಮನೆಯಲ್ಲಿ ಸಾವಾಗಿದೆ. ಇದಕ್ಕೆ ಮೂರನೆಯ ಕಾರಣವೊಂದು ಇರಬಹುದೆಂದು ಎರಡು ಸಾವಿರದ ಆರನೆಯ ಇಸವಿಯ ತನಕ ಆ ಬೀದಿಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಅದನ್ನು ಕಂಡುಹಿಡಿದವರು ಕೋದಂಡರಾಮಪ್ಪನವರು.

ಕೋದಂಡರಾಮಪ್ಪನವರು ರೇಷ್ಮೆ ಬೆಳೆಗಾರರ ಸಂಘವೊಂದರಲ್ಲಿ ಗುಮಾಸ್ತರು. ಪರಿಸರದ ಮೇಲೆ ಅವರಿಗೆ ದ್ವೇಷವೂ ಇರಲಿಲ್ಲ, ಪ್ರೀತಿಯೂ ಇರಲಿಲ್ಲ. ಕೋಲಾರದಲ್ಲಿ ನಡೆದ ಒಂದು ದಿನದ ಪರಿಸರ ಶಿಬಿರಕ್ಕೆ ಸಂಘದ ಕಾರ್ಯದರ್ಶಿ ಹೋಗಬೇಕಿತ್ತು. ಅವರಿಗೆ ಹಲ್ಲುನೋವು ಬಂದದ್ದರಿಂದ ಇವರು ಹೋದರು. ಅಲ್ಲಿ ಅಶ್ವತ್ಥಪ್ಪ ಎಂಬ ನಿವೃತ್ತ ವಿಜ್ಞಾನದ ಮೇಷ್ಟ್ರು ಭಾಷಣ ಮಾಡಿದರು. ನೀವು ಮಲಗಿದ ಮೇಲೂ ನಿಮ್ಮ ಟಿವಿ, ಕಂಪ್ಯೂಟರು ಮಲಗುವುದಿಲ್ಲ, ಅವುಗಳ ಮೂತಿಯ ಮೇಲೆ ಉರಿಯುವ ಕೆಂಪು ಚುಕ್ಕಿ ಇಡೀ ರಾತ್ರಿ ಕರೆಂಟು ಕುಡಿಯುತ್ತಿರುತ್ತದೆ ಎಂದರು. ಹಳೆಯ ಕಂಪ್ಯೂಟರಿನ ಗಾಜಿನಲ್ಲಿ ವಿಷವಿದೆ, ಅದನ್ನು ಗುಜರಿಯವನಿಗೆ ಕೊಡಬೇಡಿ, ಅವನು ತಾಮ್ರದ ಆಸೆಗೆ ವೈರು ಸುಡುತ್ತಾನೆ, ನಮಗೆ ಹೇಳಿದರೆ ನಾವೇ ವ್ಯಾನು ತಂದು ಮಾಲೂರಿನಲ್ಲಿರುವ ಶೆಡ್ಡಿಗೆ ಸಾಗಿಸುತ್ತೇವೆ ಎಂದೂ ಹೇಳಿದರು. ಕೊನೆಗೆ, "ನಿಮ್ಮಲ್ಲಿ ಯಾರು ತಮ್ಮ ಮನೇನ ಮಾದರಿ ಮನೆ ಮಾಡೋಕೆ ತಯಾರಿದೀರಿ?" ಎಂದು ಕೇಳಿದರು.

ಆ ಕ್ಷಣಕ್ಕೆ ಸರಿಯಾಗಿ ಸಭಾಂಗಣದ ಬಾಗಿಲಲ್ಲಿ ಮಜ್ಜಿಗೆ ಲೋಟಗಳ ತಟ್ಟೆ ಹಿಡಿದವನೊಬ್ಬ ಕಾಣಿಸಿಕೊಂಡ. ಅವನನ್ನು ಕರೆಯಲು ಕೋದಂಡರಾಮಪ್ಪನವರು ಕೈ ಎತ್ತಿದರು. ಸಭೆಯಲ್ಲಿ ಎದ್ದದ್ದು ಆ ಒಂದೇ ಕೈ. ಚಪ್ಪಾಳೆಯೋ ಚಪ್ಪಾಳೆ. ಅಶ್ವತ್ಥಪ್ಪನವರು ಕೆಳಗಿಳಿದು ಬಂದು ಕೈ ಕುಲುಕಿ, "ಮುಂದಿನ ತಿಂಗಳು ಮೊದಲನೇ ಭಾನುವಾರ ನಾನೇ ಬಂದು ನಿಮ್ಮ ಮನೆ ನೋಡ್ತೀನಿ. ಶಾಲು ಹಾರ ಅಲ್ಲೇ, ಬೀದಿಯವರ ಮುಂದೆ" ಎಂದರು. ಮಜ್ಜಿಗೆಯವನು ಅಷ್ಟರಲ್ಲಿ ಬೇರೆ ಸಾಲಿಗೆ ಹೋಗಿದ್ದ. ಆದರೂ ಕೋದಂಡರಾಮಪ್ಪನವರಿಗೆ ಬಾಯಾರಿಕೆ ಇರಲಿಲ್ಲ. ಸಂಘಕ್ಕೆ ಸೇರಿದಾಗಿನಿಂದ ಅವರಿಗಾಗಿ ಯಾರೂ ಚಪ್ಪಾಳೆ ತಟ್ಟಿದ್ದಿಲ್ಲ.

ಮನೆಗೆ ಬಂದವರೇ ಕೆಂಪು ಚುಕ್ಕಿಗಳ ಬೇಟೆಗೆ ಇಳಿದರು. ಟಿವಿಯಲ್ಲೊಂದು, ಅದರ ಸ್ಟೆಬಿಲೈಸರಿನಲ್ಲೊಂದು, ಮಗಳು ಚಂದನಳ ಓದಿಗೆಂದು ತಂದ ಹೊಸ ಕಂಪ್ಯೂಟರಿನಲ್ಲೊಂದು, ಸೊಳ್ಳೆ ಓಡಿಸುವ ಯಂತ್ರದಲ್ಲೊಂದು. ಕಾರ್ಡ್‌ಲೆಸ್ ಫೋನಿನ ಪೀಠದ ಮೇಲೂ ಒಂದು ಮಿನುಗುತ್ತಿತ್ತು. ಅದರ ವೈರನ್ನು ಕಿತ್ತು ಸುತ್ತಿ ಬೀರುವಿನಲ್ಲಿಟ್ಟರು. ಅಂದಿನಿಂದ ಆ ಮನೆಗೆ ಯಾರು ಫೋನು ಮಾಡಿದರೂ ಅವರ ಕಿವಿಗೆ ರಿಂಗು ಕೇಳುತ್ತಿತ್ತು, ಮನೆಯವರ ಕಿವಿಗೆ ಏನೂ ಕೇಳುತ್ತಿರಲಿಲ್ಲ. ಮೊಬೈಲು ಆ ಮನೆಗೆ ಇನ್ನೂ ಕಾಲಿಟ್ಟಿರಲಿಲ್ಲ.

"ಅಪ್ಪಾ, ಕೆಲಸ ಮುಗಿದ ಮೇಲೆ ಗೋಡೆ ಸ್ವಿಚ್ ಆರಿಸಿದ್ರೆ ಸಾಕು. ಇಷ್ಟೆಲ್ಲಾ ಬೇಡ" ಎಂದಳು ಚಂದನ.

"ಒಂದೊಂದೇ ಸ್ವಿಚ್ ಯಾವನು ಹುಡುಕ್ತಾ ಕೂರ್ತಾನೆ?" ಎಂದ ಕೋದಂಡರಾಮಪ್ಪನವರು ಮೀಟರಿನ ಕೆಳಗಿದ್ದ ಮೇನ್ ಸ್ವಿಚ್ಚನ್ನೇ ಕೆಳಕ್ಕೆಳೆದರು. ಮೊದಮೊದಲು ಮಲಗುವಾಗ, ಆಮೇಲೆ ಊಟವಾದ ಮೇಲೆ, ಕೊನೆಗೆ ದೀಪ ಹಚ್ಚುವ ಹೊತ್ತಿಗೇ. ದೇಶದಲ್ಲಿ ಇಷ್ಟು ಸುಲಭದ ಉಪಾಯ ಬೇರಾರಿಗೂ ಹೊಳೆದಿಲ್ಲವಲ್ಲ ಎಂದು ಕತ್ತಲಲ್ಲಿ ಕೂತು ಹೆಮ್ಮೆಪಟ್ಟರು. ಹೆಂಡತಿ ಗಂಗರತ್ನಮ್ಮ ಅದೇ ಕತ್ತಲಲ್ಲಿ ಕೂತು ಬೇರೇನೋ ಅಂದುಕೊಂಡರು. ಅದನ್ನು ಇಲ್ಲಿ ಬರೆಯುವಂತಿಲ್ಲ.

ಇಷ್ಟೇ ಆಗಿದ್ದರೆ ಊರಿಗೆ ಏನೂ ಆಗುತ್ತಿರಲಿಲ್ಲ. ಆದರೆ ಮನೆಯಲ್ಲಿ ಇನ್ನೂ ಒಂದು ಕೆಂಪು ಚುಕ್ಕಿ ಇತ್ತು. ದೇವರ ಗೂಡಿನಲ್ಲಿ ಆಂಜನೇಯನ ಪಟದ ಮುಂದೆ ಹಗಲೂ ರಾತ್ರಿ ಉರಿಯುವ ಕೆಂಪು ಝೀರೋ ಬಲ್ಬು. ಹಳ್ಳಿಯ ಮನೆಗೆ ಕರೆಂಟು ಬಂದ ದಿನ ಕೋದಂಡರಾಮಪ್ಪನವರ ತಂದೆ ಮೊದಲು ಹಾಕಿಸಿದ್ದು ಅದನ್ನೇ. ಬಲ್ಬು ಎಷ್ಟೋ ಸಲ ಬದಲಾಗಿತ್ತು, ಹೋಲ್ಡರು ಅದೇ. ತಂದೆ ಹೋದ ಮೇಲೆ ತಾಯಿ ರಾಮಲಕ್ಷ್ಮಮ್ಮ ಆ ಹೋಲ್ಡರನ್ನು ಸೀರೆಯಲ್ಲಿ ಸುತ್ತಿಕೊಂಡು ಮುಳಬಾಗಿಲಿಗೆ ತಂದಿದ್ದರು. ಬೆಳಗ್ಗೆ ಎದ್ದರೆ ಮೊದಲು ಅದರ ಮುಖ, ಆಮೇಲೆ ಸೂರ್ಯನದು. ಮೇನ್ ಸ್ವಿಚ್ಚು ಇಳಿಸಿದಾಗ ಅದೂ ಆರುತ್ತಿತ್ತು, ಕರೆಂಟು ಹೋಗಿದೆ ಎಂದುಕೊಂಡು ಅವರು ಸುಮ್ಮನಿದ್ದರು. ಕೋದಂಡರಾಮಪ್ಪನವರು ಒಂದು ದಿನ ಯಾವ ಯೋಚನೆಯೂ ಇಲ್ಲದೆ ಅದನ್ನು ತಿರುಗಿಸಿ ಬಿಚ್ಚಿ ಜೇಬಿಗೆ ಹಾಕಿಕೊಂಡರು.

"ದೇವರ ದೀಪ ಆರಿಸಿದ್ಯೇನೋ?" ಎಂದರು ರಾಮಲಕ್ಷ್ಮಮ್ಮ.

"ಅಮ್ಮಾ, ಅದು ದೀಪ ಅಲ್ಲ, ಬಲ್ಬು. ಕೆಂಪು ಚುಕ್ಕಿ. ಸುಮ್ನೆ ಕರೆಂಟ್ ಕುಡಿಯುತ್ತೆ."

"ನಿಮ್ಮಪ್ಪ ಹಾಕಿದ್ದು ಕಣೋ ಅದು. ನೀನು ರಾತ್ರಿ ಹೆದರ್ಕೋತೀಯ ಅಂತ ಅದರ ಬೆಳಕಲ್ಲೇ ನಿನ್ನ ಮಲಗಿಸ್ತಿದ್ದೆ. ಆಗ ಕುಡೀಲಿಲ್ವಾ ಕರೆಂಟು?"

"ಭಾನುವಾರ ಒಂದು ಕಳೀಲಿ ಅಮ್ಮಾ. ಅವರು ಬಂದು ನೋಡ್ಕೊಂಡು ಹೋಗ್ಲಿ."

"ಕಳೀಲಿ. ಆ ದೀಪ ಮತ್ತೆ ಹತ್ತೋವರೆಗೂ ನಾನು ಈ ಮನೆ ಹೊಸ್ತಿಲು ತುಳಿಯಲ್ಲ" ಎಂದು ರಾಮಲಕ್ಷ್ಮಮ್ಮ ಬೆಳಗಿನ ಬಸ್ಸು ಹಿಡಿದು ಮಾಲೂರಿನ ಆಚೆಯ ಲಕ್ಕೂರಿಗೆ, ಮಗಳ ಮನೆಗೆ ಹೊರಟುಹೋದರು.

ಕೋದಂಡರಾಮಪ್ಪನವರಿಗೆ ನಿಜವಾಗಿಯೂ ಸಂಕಟವಾಯಿತು. ಅಮ್ಮ ಇಲ್ಲದ ಮನೆಯಲ್ಲಿ ಮುದ್ದೆ ಗಂಟಲಿಗೆ ಅಂಟುತ್ತಿತ್ತು. ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಕದಿರೇಶನ ಟೆಲಿಫೋನ್ ಬೂತಿಗೆ ಹೋಗಿ, ಗಾಜಿನ ಬಾಗಿಲು ಭದ್ರವಾಗಿ ಮುಚ್ಚಿಕೊಂಡು ಲಕ್ಕೂರಿನ ತಂಗಿಗೆ ಫೋನು ಮಾಡುತ್ತಿದ್ದರು. ತಂಗಿ ಅಮ್ಮನನ್ನು ಕೇಳಿ ಬಂದು, "ದೀಪ ಹತ್ತಿದೆಯಾ ಅಂತ ಕೇಳ್ತಿದಾರೆ ಅಣ್ಣ" ಎನ್ನುತ್ತಿದ್ದಳು. ಇವರು ಫೋನು ಇಡುತ್ತಿದ್ದರು. ಶಾಲು ಒಂದು ಹೆಗಲಿಗೆ ಬೀಳಲಿ, ಆ ಸಂಜೆಯೇ ಬಲ್ಬು ಹಾಕಿ ಅಮ್ಮನ ಕಾಲಿಗೆ ಬಿದ್ದು ಕರೆತರುತ್ತೇನೆ ಎಂದು ಮನಸ್ಸಿನಲ್ಲೇ ತೀರ್ಮಾನಿಸಿದ್ದರು. ಅಮ್ಮ ಮುನಿಸಿಕೊಂಡು ಮಗಳ ಮನೆ ಸೇರಿದ್ದಾರೆಂದರೆ ಗಂಡುಮಗನ ಮುಖಕ್ಕೆ ಮಸಿ ಬಳಿದ ಹಾಗೆ. ಆದ್ದರಿಂದ ಬೀದಿಯಲ್ಲಿ ಯಾರು ಕೇಳಿದರೂ, "ಅಮ್ಮನಿಗೆ ಮೈ ಹುಷಾರಿಲ್ಲ, ಒಳಗೆ ಮಲಗಿದಾರೆ" ಎಂದುಬಿಟ್ಟರು. ಎದುರು ಮನೆಯ ವೆಂಕಟರತ್ನಮ್ಮ ಎರಡು ಸಲ ಗಂಜಿ ಮಾಡಿ ತಂದರು. ಎರಡು ಸಲವೂ ಕೋದಂಡರಾಮಪ್ಪನವರೇ ಅದನ್ನು ಬಾಗಿಲಲ್ಲಿ ಇಸಕೊಂಡು ಹಿತ್ತಲಿಗೆ ಹೋಗಿ ಕುಡಿದರು.

ಶನಿವಾರ ಸಂಜೆ ಬಂತು. ಮರುದಿನ ಅಶ್ವತ್ಥಪ್ಪನವರು ಬರುವವರು. ಶಾಲು ಹೊದಿಸಿ, ಕೆಟ್ಟುಹೋದ ಹಳೆಯ ಕಂಪ್ಯೂಟರನ್ನು ವ್ಯಾನಿನಲ್ಲಿ ಒಯ್ಯುವವರು. ಕೋದಂಡರಾಮಪ್ಪನವರು ಅಟ್ಟದಿಂದ ಅದನ್ನೆಲ್ಲ ಇಳಿಸಿ ಜಗಲಿಯ ಮೇಲೆ ಚಾಪೆ ಹಾಸಿ ಸಾಲಾಗಿ ಜೋಡಿಸಿದರು. ಒಂದು ತುದಿಯಲ್ಲಿ ದಪ್ಪ ತಲೆಯ ಮಾನಿಟರು, ಅದರ ಪಕ್ಕದಲ್ಲಿ ಅಡ್ಡ ಮಲಗಿಸಿದ ಸಿಪಿಯು, ಆಮೇಲೆ ಪ್ರಿಂಟರು, ಕೀಬೋರ್ಡು, ಇನ್ನೊಂದು ತುದಿಯಲ್ಲಿ ಜೋಡಿ ಸ್ಪೀಕರು. ಧೂಳು ಕೂರದಿರಲಿ ಎಂದು ಮಡಿ ಮಾಡಿಟ್ಟಿದ್ದ ಬಿಳಿ ಪಂಚೆಯನ್ನು ಉದ್ದಕ್ಕೂ ಹೊದಿಸಿದರು. ಮೇನ್ ಸ್ವಿಚ್ಚು ಆರಿಸಿದ್ದರಿಂದ ಜಗಲಿ ಕತ್ತಲು. ಯಾರಾದರೂ ಎಡವಿಯಾರೆಂದು ಮಾನಿಟರಿನ ಪಕ್ಕದಲ್ಲಿ ಒಂದು ಎಣ್ಣೆ ದೀಪ ಹಚ್ಚಿಟ್ಟರು. ಫ್ಯಾನಿಲ್ಲದ ಸೆಕೆಗೆ ಅಂಗಿ ಬಿಚ್ಚಿ, ಹೆಗಲ ಮೇಲೆ ಟವೆಲು ಹಾಕಿಕೊಂಡು ಪಕ್ಕದಲ್ಲಿ ಕೂತರು. ಮಾನಿಟರಿನ ತಲೆ ದಕ್ಷಿಣಕ್ಕಿತ್ತು. ಅದು ಅವರು ಬೇಕೆಂದು ಮಾಡಿದ್ದಲ್ಲ, ಜಗಲಿ ಕಟ್ಟಿದ್ದೇ ಹಾಗೆ.

ಗೋಡೆಗೆ ಒರಗಿ ಕೂತಿದ್ದ ಗಂಗರತ್ನಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ವರ್ಷಗಟ್ಟಲೆ ನೋಡಿಕೊಂಡು ಬಂದ ಧಾರಾವಾಹಿಯ ಕೊನೆಯ ಕಂತು ಆ ಸಂಜೆಯೇ ಇತ್ತು. ಎದುರು ಮನೆಗೆ ಹೋಗಿ ನೋಡಿ ಬರುತ್ತೇನೆಂದರೆ ಗಂಡ, "ಎದುರು ಮನೆ ಕರೆಂಟೂ ಕರೆಂಟೇ" ಎಂದು ತಡೆದಿದ್ದರು.

ಇಂಥ ಹೊತ್ತಿನಲ್ಲಿ ವೆಂಕಟರತ್ನಮ್ಮ ಬಾಗಿಲಿಗೆ ದೀಪ ಹಚ್ಚಿ ಹೊರಗೆ ಬಂದು ಎದುರಿಗೆ ನೋಡಿದರು. ನಿಂತಲ್ಲೇ ನಿಂತರು. ನಿಧಾನವಾಗಿ ಬೀದಿ ದಾಟಿ ಬಂದು ಗೇಟು ಹಿಡಿದುಕೊಂಡರು.

"ಅಯ್ಯೋ ದೇವುಡಾ! ಯಾವಾಗ ಅಣ್ಣಯ್ಯಾ?"

ಯಾವಾಗ ಅಟ್ಟದಿಂದ ಇಳಿಸಿದಿರಿ ಎಂದು ಕೇಳುತ್ತಿದ್ದಾರೆಂದು ತಿಳಿದ ಕೋದಂಡರಾಮಪ್ಪನವರು, "ಈಗ ತಾನೇ, ಅರ್ಧ ಗಂಟೆ ಆಯ್ತು" ಎಂದರು. "ಬೆಳಗ್ಗೆ ಕೋಲಾರದಿಂದ ವ್ಯಾನ್ ಬರುತ್ತೆ, ತಗೊಂಡ್ಹೋಗ್ತಾರೆ."

"ವ್ಯಾನಾ? ಯಾಕೆ, ಇಲ್ಲೇ ಊರ ಹೊರಗೆ ಸುಡೋದಿಲ್ವಾ?"

ಕೋದಂಡರಾಮಪ್ಪನವರಿಗೆ ಸಂತೋಷವಾಯಿತು. ಬೀದಿಯಲ್ಲಿ ಕೊನೆಗೂ ಒಬ್ಬರು ಈ ವಿಷಯದಲ್ಲಿ ಆಸಕ್ತಿ ತೋರಿಸಿದ್ದರು. ಗಂಟಲು ಸರಿಮಾಡಿಕೊಂಡು ಶಿಬಿರದಲ್ಲಿ ಕೇಳಿದ್ದನ್ನೆಲ್ಲ ಒಪ್ಪಿಸಿದರು.

"ಸುಡೋದಾ? ಛೆ, ಛೆ! ಸುಟ್ರೆ ವಿಷದ ಹೊಗೆ. ಬೀದಿ ಮಕ್ಕಳಿಗೆಲ್ಲಾ ಕೆಮ್ಮು."

"ಹಂಗಾದ್ರೆ ಹೂಳ್ತೀರಾ?"

"ಹೂತ್ರೆ ಇನ್ನೂ ಮೋಸ. ಒಳಗಿರೋ ವಿಷ ಎಲ್ಲಾ ಮಳೆಗೆ ಇಳಿದು ಬಾವಿ ನೀರು ಸೇರುತ್ತೆ. ಅದಕ್ಕೇ ಮಾಲೂರಿಗೆ ಕಳಿಸ್ತಾ ಇರೋದು. ಅಲ್ಲಿ ತಿಳಿದೋರಿದಾರೆ. ನಿಧಾನವಾಗಿ ಬಿಚ್ಚಿ, ಒಳಗೆ ಉಪಯೋಗಕ್ಕೆ ಬರೋದನ್ನೆಲ್ಲಾ ತೆಗೆದು ಬೇರೆಯೋರಿಗೆ ಹಾಕ್ತಾರೆ. ಮಿಕ್ಕಿದ್ದನ್ನ ಅವರೇ ನೋಡ್ಕೋತಾರೆ. ನಮಗೇನೂ ಖರ್ಚಿಲ್ಲ."

ವೆಂಕಟರತ್ನಮ್ಮ ಬಾಯಿಯ ಮೇಲೆ ಕೈಯಿಟ್ಟುಕೊಂಡು ಗಂಗರತ್ನಮ್ಮನ ಕಡೆ ತಿರುಗಿದರು. "ನೀನೂ ಒಪ್ಪಿದ್ಯಾ ತಾಯಿ?"

"ನನ್ನ ಮಾತು ಈ ಮನೇಲಿ ಯಾರು ಕೇಳ್ತಾರೆ" ಎಂದು ಧಾರಾವಾಹಿಯ ದುಃಖದಲ್ಲಿ ಮುಳುಗಿದ್ದ ಗಂಗರತ್ನಮ್ಮ ಬಿಕ್ಕಿದರು. "ಇವತ್ತೇ ಕೊನೆ ಅಂತ ಗೊತ್ತಿತ್ತು. ಹೋಗಿ ಕಣ್ತುಂಬ ನೋಡೋಕೂ ಬಿಡ್ಲಿಲ್ಲ ಇವರು."

ವೆಂಕಟರತ್ನಮ್ಮ ನೇರವಾಗಿ ಪಕ್ಕದ ಮನೆಯ ಬಾಗಿಲಿಗೆ ಹೋದರು. ಕೇಳುವುದಕ್ಕೆ ಏನೂ ಉಳಿದಿರಲಿಲ್ಲ. ರಾಮಲಕ್ಷ್ಮಮ್ಮ ಹೋಗಿಬಿಟ್ಟರು, ಮಗ ಪರಿಸರದ ಹುಚ್ಚಿನಲ್ಲಿ ಹೆತ್ತ ತಾಯಿಯನ್ನು ಸುಡುವುದೂ ಇಲ್ಲ, ಹೂಳುವುದೂ ಇಲ್ಲ, ಕೊಯ್ದು ನೋಡುವವರಿಗೆ ಕೊಡುತ್ತಿದ್ದಾನೆ ಎಂಬ ಸುದ್ದಿ ಬೀದಿಯ ಈ ತುದಿಯಿಂದ ಹೊರಟಿತು. ಆ ತುದಿ ಮುಟ್ಟುವಷ್ಟರಲ್ಲಿ ಅವನು ಅಮ್ಮನ ಕಣ್ಣುಗಳನ್ನು ಆಗಲೇ ಬೆಂಗಳೂರಿಗೆ ಕಳಿಸಿಯಾಗಿತ್ತು. ನಿಜವೋ ಸುಳ್ಳೋ ಕೇಳೋಣವೆಂದು ಒಬ್ಬರು ಮನೆಗೆ ಫೋನು ಮಾಡಿದರು. ರಿಂಗಾಯಿತು, ಯಾರೂ ಎತ್ತಲಿಲ್ಲ. ಸಾವಿನ ಮನೆಯಲ್ಲಿ ಫೋನು ಯಾರು ಎತ್ತುತ್ತಾರೆ ಎಂದು ಅವರೇ ಸಮಾಧಾನ ಮಾಡಿಕೊಂಡರು. ಇಂಥ ಮಗನ ಮುಖ ನೋಡುವುದು ಬೇಡ, ನೆಂಟರು ಬಂದ ಮೇಲೆ ಹೋದರಾಯಿತು ಎಂದು ಆ ರಾತ್ರಿ ಬೀದಿಯವರು ತಮ್ಮ ತಮ್ಮ ಮನೆಯಲ್ಲೇ ಉಳಿದರು.

ನೆಂಟರಿಗೆ ತಿಳಿಸುವ ಪುಣ್ಯದ ಕೆಲಸ ಬೂತಿನ ಕದಿರೇಶನ ಪಾಲಿಗೆ ಬಂತು. ನಂಬರುಗಳು ಅವನಿಗೆ ಬಾಯಿಪಾಠ. ಸಾವಿನ ಸುದ್ದಿಯನ್ನು ನಮ್ಮ ಕಡೆ ಯಾರೂ ನೇರವಾಗಿ ಹೇಳುವುದಿಲ್ಲ. ಕೇಳಿದವರ ಎದೆ ಒಡೆದೀತೆಂದು, "ಸ್ವಲ್ಪ ಸೀರಿಯಸ್ಸು, ಇದ್ದ ಹಾಗೇ ಹೊರಟು ಬನ್ನಿ" ಎನ್ನುತ್ತಾರೆ. ಕೇಳಿದವರೂ ಅದನ್ನು ಅರ್ಥ ಮಾಡಿಕೊಂಡು ಅಲ್ಲೇ ಅಳಲು ಶುರುಮಾಡುತ್ತಾರೆ. ಕದಿರೇಶ ಹುತ್ತೂರಿನಲ್ಲಿದ್ದ ರಾಮಲಕ್ಷ್ಮಮ್ಮನ ತಮ್ಮ ಚನ್ನರಾಯಪ್ಪನಿಗೆ ಹಾಗೇ ಹೇಳಿದ. ಆಮೇಲೆ ಲಕ್ಕೂರಿನ ಮಗಳ ಮನೆಗೂ ಮಾಡಿ, ಫೋನು ಎತ್ತಿದ ಹೆಂಗಸಿಗೆ, "ಮುಳಬಾಗಿಲ ಮನೇಲಿ ಸೀರಿಯಸ್ಸು ಕಣಮ್ಮಾ, ಬೆಳಗಿನ ಬಸ್ಸಿಗೇ ಬಂದ್ಬಿಡಿ" ಎಂದು, ಅಳು ಕೇಳಲಾರದೆ ಕಟ್ ಮಾಡಿದ.

ಫೋನು ಎತ್ತಿದ್ದವರು ರಾಮಲಕ್ಷ್ಮಮ್ಮ.

ಭಾನುವಾರ ಬೆಳಗ್ಗೆ ಕೋದಂಡರಾಮಪ್ಪನವರು ಹಿತ್ತಲಿನಲ್ಲಿ ಸ್ನಾನ ಮಾಡುತ್ತಿದ್ದರು. ಮೋಟಾರಿಗೂ ಕೆಂಪು ಚುಕ್ಕಿ ಇದ್ದುದರಿಂದ ಸಂಪಿನಿಂದ ಬಕೆಟ್ಟಿನಲ್ಲಿ ನೀರು ಸೇದಿಕೊಳ್ಳಬೇಕಾಗಿತ್ತು, ಹೀಗಾಗಿ ತಡವಾಯಿತು. ಒಳಗೆ ಗಂಗರತ್ನಮ್ಮ ಅತಿಥಿಗಳಿಗೆಂದು ಕೇಸರಿಬಾತು ತಿರುವುತ್ತಿದ್ದರು. ಚಂದನ ಹೂವು ತರಲು ಹೋಗಿದ್ದಳು. ಮನೆಯ ಮುಂದೆ ಒಬ್ಬರೂ ಇರಲಿಲ್ಲ, ಪಂಚೆ ಹೊದ್ದ ಕಂಪ್ಯೂಟರು ಮಾತ್ರ ಇತ್ತು. ಆಗ ಚನ್ನರಾಯಪ್ಪ ಬಂದಿಳಿದ. ಜೊತೆಗೆ ಹುತ್ತೂರಿನ ಜನ, ಎರಡು ಹಸಿ ಬಿದಿರು, ತಮಟೆಯವರು. ಗಂಡನ ಮನೆಯಲ್ಲಿ ಸತ್ತ ಹೆಣ್ಣಿಗೆ ತವರಿನ ಸೀರೆ ಹೊದಿಸದೆ ಯಾರೂ ಮುಟ್ಟುವಂತಿಲ್ಲ. ಚನ್ನರಾಯಪ್ಪ ತಾನು ತಂದ ಹಸಿರು ಸೀರೆಯನ್ನು ಪಂಚೆಯ ಮೇಲೆ ಹೊದಿಸಿ, "ಅಕ್ಕಾ!" ಎಂದು ಕಾಲಿನ ಮೇಲೆ ಬಿದ್ದ. ಕೈಗೆ ಸ್ಪೀಕರುಗಳು ಸಿಕ್ಕವು.

"ಅಯ್ಯೋ, ಕಾಲು ಕಲ್ಲಾಗಿಬಿಟ್ಟಿದೆ!" ಎಂದು ಕೂಗಿದ. ಅಷ್ಟರಲ್ಲಿ ನೆರೆದ ಬೀದಿಯೆಲ್ಲ ಗೋಳೋ ಎಂದು ಅತ್ತಿತು. ತಮಟೆ ಶುರುವಾಯಿತು.

ತಮಟೆಯ ಸದ್ದು ಹಿತ್ತಲಿಗೆ ಕೇಳಿಸಿತು. ಅಶ್ವತ್ಥಪ್ಪನವರು ಇಷ್ಟೊಂದು ಏರ್ಪಾಟು ಮಾಡಿಕೊಂಡು ಬರುತ್ತಾರೆಂದು ಕೋದಂಡರಾಮಪ್ಪನವರು ಕನಸಿನಲ್ಲೂ ಎಣಿಸಿರಲಿಲ್ಲ. ಗಡಿಬಿಡಿಯಲ್ಲಿ ಜರಿಯಂಚಿನ ಪಂಚೆ ಉಟ್ಟು, ಹಣೆಗೆ ಗಂಧವಿಟ್ಟು, ಮುಖದ ತುಂಬ ನಗು ತುಂಬಿಕೊಂಡು ಹೊಸ್ತಿಲಲ್ಲಿ ನಿಂತು ಕೈ ಮುಗಿದರು.

"ಇಷ್ಟು ಜನ ಬರ್ತೀರ ಅಂತ ಅಂದ್ಕೊಂಡಿರ್ಲಿಲ್ಲ. ತುಂಬಾ ಸಂತೋಷ. ಎಲ್ಲರೂ ಕೇಸರಿಬಾತು ತಿನ್ಕೊಂಡೇ ಹೋಗ್ಬೇಕು" ಎಂದರು.

ತಮಟೆ ನಿಂತಿತು. ಒಳಗಿನಿಂದ ತುಪ್ಪದಲ್ಲಿ ದ್ರಾಕ್ಷಿ ಹುರಿದ ಪರಿಮಳ ಗಮ್ಮೆಂದು ಹೊರಗೆ ಬಂತು. ಚನ್ನರಾಯಪ್ಪ ನಿಧಾನವಾಗಿ ಎದ್ದು ನಿಂತ.

"ಏನ್ಲಾ ಕೋದಂಡ, ಮನುಷ್ಯನೇನ್ಲಾ ನೀನು?"

"ಯಾಕೆ ಮಾವ? ನೀವೂ ಬಂದ್ರಾ! ಕೂತ್ಕೊಳ್ಳಿ."

"ಕೂತ್ಕೊಳ್ಳೋದಾ? ವ್ಯಾನಿನೋರಿಗೆ ಕೊಡ್ತೀಯಂತಲ್ಲೋ. ಬಿಚ್ಚೋಕೆ ಕೊಡ್ತೀಯಂತಲ್ಲೋ!"

ಹಳೆಯ ಕಂಪ್ಯೂಟರನ್ನು ತನ್ನ ಮಗನಿಗೆ ಕೊಡು ಎಂದು ಚನ್ನರಾಯಪ್ಪ ಹಿಂದೊಮ್ಮೆ ಕೇಳಿದ್ದುಂಟು. ಅದೇ ಹೊಟ್ಟೆಯುರಿ ಎಂದು ಕೋದಂಡರಾಮಪ್ಪನವರು ತಿಳಿದರು. "ಮಾವ, ಇದರಿಂದ ಇನ್ನೇನೂ ಉಪಯೋಗ ಇಲ್ಲ. ಇಟ್ಕೊಂಡ್ರೆ ಮನೇಲಿ ಜಾಗ ತಿನ್ನುತ್ತೆ ಅಷ್ಟೇ. ನಿಮಗೆ ಬೇಕೇ ಬೇಕು ಅಂದ್ರೆ ತಲೆ ಭಾಗ ಮಾತ್ರ ಬಿಟ್ಟು ಮಿಕ್ಕಿದ್ದು ತಗೊಂಡ್ಹೋಗಿ. ತಲೇಲೇ ವಿಷ ಜಾಸ್ತಿ ಇರೋದು."

ಚನ್ನರಾಯಪ್ಪ ಬಿದಿರು ಎತ್ತಿಕೊಂಡ. ನಾಲ್ಕು ಜನ ಅವನನ್ನು ತಬ್ಬಿ ಹಿಡಿದರು. ವೆಂಕಟರತ್ನಮ್ಮ ಎರಡೂ ಕಿವಿ ಮುಚ್ಚಿಕೊಂಡರು. ಅದೇ ಹೊತ್ತಿಗೆ ಅಶ್ವತ್ಥಪ್ಪನವರ ವ್ಯಾನು ಬಂದು, ಜನ ಕಿಕ್ಕಿರಿದಿದ್ದರಿಂದ ಬೀದಿಯ ತಿರುವಿನಲ್ಲೇ ನಿಂತಿತು. ಅಶ್ವತ್ಥಪ್ಪನವರು ಒಂದು ಕೈಯಲ್ಲಿ ಶಾಲು, ಒಂದು ಕೈಯಲ್ಲಿ ಗಂಧದ ಹಾರ ಹಿಡಿದು ಜನರ ನಡುವೆ ದಾರಿ ಮಾಡಿಕೊಂಡು ಬಂದರು. ಹಾರ ನೋಡಿ ಎಲ್ಲರೂ ಪಕ್ಕಕ್ಕೆ ಸರಿದರು.

"ಇವನೇನಾ ವ್ಯಾನಿನವನು?" ಎಂದ ಚನ್ನರಾಯಪ್ಪ. "ಏನ್ರೀ, ಒಳಗಿರೋದನ್ನ ತೆಗೆದು ಏನ್ಮಾಡ್ತೀರಾ?"

ಮೇಷ್ಟ್ರಿಗೆ ಪ್ರಶ್ನೆ ಕೇಳಿದರೆ ಸಾಕು, ಉತ್ತರ ತಾನಾಗಿ ಬರುತ್ತದೆ. "ಒಂದು ಚೂರೂ ವ್ಯರ್ಥ ಮಾಡೋದಿಲ್ಲ ಸ್ವಾಮಿ" ಎಂದರು ಅವರು ಪ್ರಸನ್ನರಾಗಿ. "ತಾಮ್ರ ಬೇರೆ, ಗಾಜು ಬೇರೆ. ಸ್ವಲ್ಪ ಚಿನ್ನಾನೂ ಸಿಗುತ್ತೆ."

"ಚಿನ್ನ! ಮೂಗುಬೊಟ್ಟೂ ಬಿಡಲ್ವಂತೆ!" ಎಂದು ಹಿಂದಿನಿಂದ ಯಾರೋ ಕಿರುಚಿದರು. ಜನ ಮುಂದಕ್ಕೆ ನುಗ್ಗಿದರು. ಮುಂದಿನ ಒಂದು ನಿಮಿಷದಲ್ಲಿ ಮಾದರಿ ಮನೆಯೂ ಮೇಷ್ಟ್ರೂ ಉಳಿಯುತ್ತಿದ್ದರೋ ಇಲ್ಲವೋ ಹೇಳಲಾಗದು.

ಆಗ ಬೀದಿಯ ತಿರುವಿನಿಂದ ಒಂದು ಅಳು ಕೇಳಿಸಿತು. ಅಲ್ಲಿಯವರೆಗೆ ಬೀದಿ ಅತ್ತದ್ದೆಲ್ಲ ಅದರ ಮುಂದೆ ಏನೂ ಅಲ್ಲ.

"ನನ್ನಪ್ಪಾ, ಕೋದಂಡಾ! ಒಂದು ದೀಪಕ್ಕೋಸ್ಕರ ನಿನ್ನ ಬಿಟ್ಟು ಹೋದ್ನಲ್ಲೋ! ನಾನಿದ್ದು ನೀನು ಹೋದ್ಯೇನೋ! ನನ್ನ ಕಂದಾ!"

ಕೂದಲು ಕೆದರಿಕೊಂಡು, ಎದೆ ಬಡಿದುಕೊಂಡು ರಾಮಲಕ್ಷ್ಮಮ್ಮ ಬರುತ್ತಿದ್ದರು. ಹಿಂದೆ ಲಕ್ಕೂರಿನ ಮಗಳು. ಜನ ತಿರುಗಿ ನೋಡಿದರು, ನೋಡಿ ಜಗಲಿಯ ಕಡೆ ತಿರುಗಿದರು, ಮತ್ತೆ ಬೀದಿಯ ಕಡೆ ತಿರುಗಿದರು. ವೆಂಕಟರತ್ನಮ್ಮ "ದೇವುಡಾ" ಎಂದು ಪೂರ್ತಿ ಹೇಳಲಾರದೆ ಪಕ್ಕದವರ ಮೇಲೆ ಒರಗಿದರು. ತಮಟೆಯವನೊಬ್ಬ ತಮಟೆ ಬಿಟ್ಟು ಓಡಿದ. ಚನ್ನರಾಯಪ್ಪ ಮಾತ್ರ ಎರಡು ಕೈಗಳನ್ನೂ ಮುಗಿದು, "ಅಕ್ಕಾ, ಸೀರೆ ಹೊದಿಸಿದೀನಿ, ಇನ್ನೇನು ಬೇಕೋ ಕೇಳವ್ವಾ, ಕೊಟ್ಬಿಡ್ತೀನಿ" ಎಂದು ಬೇಡಿಕೊಂಡ.

ರಾಮಲಕ್ಷ್ಮಮ್ಮನಿಗೆ ಅವನು ಕಾಣಲೇ ಇಲ್ಲ. ಹೊಸ್ತಿಲ ಮೇಲೆ ಜರಿಯಂಚಿನ ಪಂಚೆಯುಟ್ಟು ಬಾಯಿ ತೆರೆದುಕೊಂಡು ನಿಂತಿದ್ದ ಮಗ ಕಂಡ. ಹತ್ತಿರ ಬಂದು ಅವನ ಕೆನ್ನೆ ಮುಟ್ಟಿ ನೋಡಿದರು. ಬೆಚ್ಚಗಿತ್ತು. ಆ ಕೆನ್ನೆಗೇ ಒಂದು ಬಾರಿಸಿದರು.

"ಬದುಕಿದೀಯೇನೋ?"

"ಇದೀನಮ್ಮಾ" ಎಂದರು ಕೋದಂಡರಾಮಪ್ಪನವರು. ನಡೆದದ್ದೇನೆಂದು ಅವರಿಗೆ ಇನ್ನೂ ತಿಳಿದಿರಲಿಲ್ಲ. ಆದರೂ ಅಮ್ಮನ ಕೈ ತಗಲಿದ್ದೇ ತಡ, ಕಣ್ಣಲ್ಲಿ ನೀರು ಬಂತು.

"ಮತ್ತೆ ಇದ್ಯಾರು?" ಎಂದು ರಾಮಲಕ್ಷ್ಮಮ್ಮ ಜಗಲಿಯ ಮೇಲಿನ ಸೀರೆಯನ್ನೂ ಪಂಚೆಯನ್ನೂ ಒಟ್ಟಿಗೆ ಎಳೆದರು.

ಮಾನಿಟರು ತನ್ನ ಬೂದು ಬಣ್ಣದ ಮುಖ ಆಕಾಶಕ್ಕೆ ಮಾಡಿಕೊಂಡು ಮಲಗಿತ್ತು. ಆಮೇಲೆ ಒಬ್ಬೊಬ್ಬರೇ ಮಾತಾಡಲು ಶುರು ಮಾಡಿದರು, ಎಲ್ಲರೂ ಒಟ್ಟಿಗೆ ಮಾತಾಡಿದರು, ತಾನು ಮೊದಲೇ ಹಾಗಂದುಕೊಂಡಿದ್ದೆ ಎಂದು ಪ್ರತಿಯೊಬ್ಬರೂ ಹೇಳಿದರು. ನಡೆದದ್ದು ರಾಮಲಕ್ಷ್ಮಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಕೋದಂಡರಾಮಪ್ಪನವರಿಗೆ ಅದಕ್ಕಿಂತ ಜಾಸ್ತಿ ಹೊತ್ತು ಹಿಡಿಯಿತು.

"ಒಳಗೆ ಬಾಮ್ಮಾ" ಎಂದರು ಅವರು.

ರಾಮಲಕ್ಷ್ಮಮ್ಮ ಹೊಸ್ತಿಲಿನ ಈಚೆಗೇ ನಿಂತರು. ಅಳು ನಿಂತಿತ್ತು, ಆದರೆ ಕಾಲು ಮುಂದೆ ಬರಲಿಲ್ಲ. "ದೀಪ ಹತ್ತಿದೆಯಾ?" ಎಂದು ಕೇಳಿದರು.

ಕೋದಂಡರಾಮಪ್ಪನವರು ಅಶ್ವತ್ಥಪ್ಪನವರ ಕೈಯಲ್ಲಿದ್ದ ಶಾಲು ನೋಡಿದರು. ಒಳ್ಳೆಯ ಶಾಲು, ಕಂದು ಬಣ್ಣ, ಅಂಚಿನಲ್ಲಿ ಕಸೂತಿ. ಮತ್ತೆ ಅಮ್ಮನ ಮುಖ ನೋಡಿದರು. ಜೇಬಿಲ್ಲದ ಪಂಚೆಯಲ್ಲಿದ್ದುದರಿಂದ ಒಳಗೆ ಓಡಿ, ಗೂಟಕ್ಕೆ ನೇತುಹಾಕಿದ್ದ ಅಂಗಿಯ ಜೇಬಿನಿಂದ ಕೆಂಪು ಬಲ್ಬು ತೆಗೆದು ದೇವರ ಗೂಡಿನ ಹೋಲ್ಡರಿಗೆ ತಿರುಗಿಸಿದರು. ಹೊರಗೆ ಬಂದು, ಮೇಷ್ಟ್ರ ಕಣ್ಣೆದುರಿಗೇ ಮೇನ್ ಸ್ವಿಚ್ಚು ಮೇಲಕ್ಕೆತ್ತಿದರು. ಮನೆಯೊಳಗೆ ಟಿವಿ ಕಿರುಚಿತು, ಮಿಕ್ಸಿ ಗುರುಗುಟ್ಟಿತು, ಕಂಪ್ಯೂಟರು ಕುಂಯ್ ಎಂದಿತು, ಮೂರು ಕೋಣೆಯ ಫ್ಯಾನುಗಳು ತಿರುಗಿದವು. ಒಂದೊಂದೇ ಸ್ವಿಚ್ಚು ಆರಿಸಿ ಅಭ್ಯಾಸ ತಪ್ಪಿಹೋಗಿದ್ದರಿಂದ ಎಲ್ಲವೂ ಹಾಕಿದ ಹಾಗೇ ಇದ್ದವು. ಇವೆಲ್ಲದರ ಹಿಂದೆ, ಆಂಜನೇಯನ ಪಾದದ ಬಳಿ, ಕೆಂಪು ಚುಕ್ಕಿಯೊಂದು ಹತ್ತಿಕೊಂಡಿತು.

"ಮೇಷ್ಟ್ರೇ, ತಪ್ಪಾಯ್ತು. ಶಾಲು ನೀವೇ ಇಟ್ಕೊಳ್ಳಿ" ಎಂದರು ಕೋದಂಡರಾಮಪ್ಪನವರು ತಲೆ ತಗ್ಗಿಸಿ.

"ಉಪಯೋಗಿಸದೆ ಇರೋದನ್ನ ಆರಿಸಿ ಅಂತ ನಾನು ಹೇಳಿದ್ದು" ಎಂದರು ಅಶ್ವತ್ಥಪ್ಪ, ಕಿತ್ತುಹೋದ ಅಂಗಿಯ ಗುಂಡಿ ಹುಡುಕುತ್ತ. "ಅದನ್ನ ಅವರು ಉಪಯೋಗಿಸ್ತಾ ಇದಾರಲ್ರೀ."

ರಾಮಲಕ್ಷ್ಮಮ್ಮ ಬಲಗಾಲಿಟ್ಟು ಒಳಗೆ ಬಂದರು. ಬಂದವರು ತಿರುಗಿ ಮೇಷ್ಟ್ರ ಕೈಯಿಂದ ಶಾಲು ತೆಗೆದುಕೊಂಡು, "ಹೊದಿಸೋಕೆ ತಾನೇ ತಂದಿದ್ದು?" ಎಂದು ತಾವೇ ಹೊದ್ದುಕೊಂಡರು. ತಮ್ಮನ ಹಸಿರು ಸೀರೆಯನ್ನೂ ಮಡಿಚಿ ಕಂಕುಳಲ್ಲಿ ಇಟ್ಟುಕೊಂಡರು. "ಬದುಕಿರುವಾಗ ಇಂಥದ್ದೊಂದು ಸೀರೆ ಕೊಡಿಸಿದ್ಯೇನೋ ಚನ್ನ?" ಎಂದು ಕೇಳಿದಾಗ ಚನ್ನರಾಯಪ್ಪ ಕೇಸರಿಬಾತಿನ ತಟ್ಟೆಯಿಂದ ತಲೆ ಎತ್ತಲಿಲ್ಲ.

ಬಂದ ಜನ ಬರಿಗೈಯಲ್ಲಿ ಹೋಗಬೇಕಲ್ಲ ಎಂಬ ಬೇಸರದಲ್ಲಿದ್ದರು. ಅದನ್ನೂ ರಾಮಲಕ್ಷ್ಮಮ್ಮನೇ ಬಗೆಹರಿಸಿದರು. "ಬಿದಿರು ತಂದಿದೀರಿ, ತಮಟೆ ತಂದಿದೀರಿ. ಯಾವುದನ್ನೂ ವ್ಯರ್ಥ ಮಾಡಬಾರದು ಅಂತ ನನ್ನ ಮಗ ಹೇಳ್ತಾನೆ" ಎಂದರು. ಹೀಗೆ ಹಳೆಯ ಕಂಪ್ಯೂಟರನ್ನು ಚಟ್ಟದ ಮೇಲೆ ಕಟ್ಟಿ, ನಾಲ್ಕು ಜನ ಹೆಗಲು ಕೊಟ್ಟು, ತಮಟೆಯ ಸಮೇತ ತಿರುವಿನಲ್ಲಿದ್ದ ವ್ಯಾನಿನವರೆಗೆ ಒಯ್ದರು. ಮುಂದೆ ಕೋದಂಡರಾಮಪ್ಪನವರು ನಡೆದರು. ಆ ಬೀದಿಯಲ್ಲಿ ಅಷ್ಟು ಗೌರವದಿಂದ ಹೋದ ಗುಜರಿ ಸಾಮಾನು ಅದಕ್ಕೆ ಮೊದಲೂ ಇಲ್ಲ, ಆಮೇಲೂ ಇಲ್ಲ. ವಿಷಯ ತಿಳಿಯದ ಒಬ್ಬರು ಸೈಕಲ್ಲಿನಿಂದಿಳಿದು ಚಪ್ಪಲಿ ಬಿಟ್ಟು ಕೈ ಮುಗಿದರು.

ಈಗ ಆ ಮನೆಯಲ್ಲಿ ಚಂದನ ಹೇಳಿದ ಹಾಗೆ ಕೆಲಸ ಮುಗಿದ ಮೇಲೆ ಗೋಡೆಯ ಸ್ವಿಚ್ಚು ಆರಿಸುತ್ತಾರೆ, ಅಷ್ಟೇ. ಕೆಂಪು ಬಲ್ಬು ಉರಿಯುತ್ತದೆ. ಸಂಜೆ ಜಗಲಿಯ ದೀಪವನ್ನು ಕೋದಂಡರಾಮಪ್ಪನವರೇ ಎಲ್ಲರಿಗಿಂತ ಮೊದಲು ಹಚ್ಚುತ್ತಾರೆ. ಆದರೆ ಊರ ಕರೆಂಟು ಅವರ ಮಾತು ಕೇಳುವುದಿಲ್ಲ. ಎಷ್ಟೋ ಸಂಜೆ ಅದು ದೀಪ ಹಚ್ಚುವ ಹೊತ್ತಿಗೇ ಹೋಗುತ್ತದೆ. ಬೀದಿ ಪೂರ್ತಿ ಕತ್ತಲಾದ ಕೂಡಲೇ ಎದುರು ಮನೆಯಿಂದ ವೆಂಕಟರತ್ನಮ್ಮ, ಎಂಥ ಕೆಲಸವಿದ್ದರೂ ಬಿಟ್ಟು, ತೆಲುಗಿನಲ್ಲಿ ಕೂಗಿ ಕೇಳುತ್ತಾರೆ: "ಪೆದ್ದಮ್ಮಾ, ಉಂಡಾವಾ?" ಇದ್ದೀಯಾ ಅಂತ.

ಕೋದಂಡರಾಮಪ್ಪನವರು ಕತ್ತಲಲ್ಲಿ ಕೂತಲ್ಲೇ ಉಸಿರು ಹಿಡಿದು ಕಾಯುತ್ತಾರೆ. ಒಳಗಿನಿಂದ ಶಾಲು ಹೊದ್ದು ಬೆಚ್ಚಗೆ ತೂಕಡಿಸುತ್ತಿದ್ದ ರಾಮಲಕ್ಷ್ಮಮ್ಮ, ಸ್ವಲ್ಪ ಸತಾಯಿಸಿಯೇ, "ಇದ್ದೀನಮ್ಮಾ, ಇದ್ದೀನಿ!" ಎನ್ನುತ್ತಾರೆ. ಆಮೇಲೆ ಬೀದಿಯವರು ಊಟಕ್ಕೆ ಕೂರುತ್ತಾರೆ.